ಒಲೆ ಆರಿದ ಮನೆಗಳು

ನಮ್ಮೂರಲ್ಲಿ ಒಲೆ ಹಚ್ಚದೆ ಬಿಟ್ಟ ಮನೆ ಒಂದು ಮಳೆಗಾಲ ಕಳೆಯೋದರೊಳಗೆ ಅರಳುತ್ತೆ. ಯಾಕೆ ಅಂತ ನನ್ನ ಕೇಳಬೇಡಿ, ನಾನು ಬಟ್ಟೆ ಹೊಲಿಯೋನು. ಮೊದಲು ಗೋಡೆ ಬೆವರಿದ ಹಾಗೆ ತೇವ ಆಡುತ್ತೆ, ಆಮೇಲೆ ಗಾರೆ ಒಳಗಿಂದ ಬಣ್ಣ ಮೇಲಕ್ಕೆ ಬರುತ್ತೆ. ಬಣ್ಣ ಬಂದ ಮೇಲೆ ಆ ಗೋಡೆ ಬಹಳ ದಿನ ನಿಲ್ಲೋದಿಲ್ಲ. ಮುಂದಿನ ಮಳೆಗೋ ಅದರ ಮುಂದಿನದಕ್ಕೋ ಕುಸಿದು ಕೂತುಬಿಡುತ್ತೆ. ಅದಕ್ಕೇ ನಮ್ಮಲ್ಲಿ ಯಾರಾದರೂ ನಾಲ್ಕು ದಿನ ಊರು ಬಿಟ್ಟು ಹೋಗೋದಾದರೂ ಪಕ್ಕದ ಮನೆಯವರಿಗೆ "ನಮ್ಮ ಒಲೆ ನೋಡ್ಕೊಳ್ಳಿ" ಅಂತ ಹೇಳಿ ಹೋಗೋದು. ಪಕ್ಕದವರು ವಾರಕ್ಕೊಂದು ಸಲ ಒಳಗೆ ಹೋಗಿ ಎರಡು ಕಡ್ಡಿ ಉರಿಸಿ ಬರ್ತಾರೆ. ಅಷ್ಟು ಬಿಸಿ ತಾಗಿದರೆ ಸಾಕು, ಗೋಡೆ ಸುಮ್ಮನಿರುತ್ತೆ. ಜಗಳ ಆಡಿ ಮುಖ ನೋಡದವರೂ ಒಬ್ಬರ ಒಲೆ ಒಬ್ಬರು ಹಚ್ಚಿಕೊಡ್ತಾರೆ. ಅದನ್ನ ಮಾಡದವನನ್ನ ಇಲ್ಲಿ ಯಾರೂ ಮನುಷ್ಯ ಅನ್ನೋದಿಲ್ಲ.

ಹೆಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಮೇಲಿನಕೇರಿ ಖಾಲಿಯಾಗೋಕೆ ಶುರುವಾಯಿತು. ಮೊದಲು ಹೋದವರು ಪಕ್ಕದವರಿಗೆ ಒಲೆ ಒಪ್ಪಿಸಿ ಹೋದರು. ಆಮೇಲೆ ಆ ಪಕ್ಕದವರೂ ಗಂಟುಮೂಟೆ ಕಟ್ಟಿದರು. ಕೊನೆಗೆ ಉಳಿದವರಿಗೆ ಒಪ್ಪಿಸೋಕೂ ಯಾರೂ ಇಲ್ಲದೆ ಬಾಗಿಲಿಗೆ ಕೈಮುಗಿದು ಹೊರಟರು. ಈಗ ಆ ಕೇರಿಗೆ ಕೇರಿಯೇ ಅರಳಿಕೊಂಡು, ಬೀಳೋಕೆ ಕಾಯ್ತಾ ನಿಂತಿದೆ. ಹೊರಗಿನವರು ನೋಡೋಕೆ ಅಂತ ಬರ್ತಾರೆ, ಅಬ್ಬಬ್ಬಾ ಅಂತಾರೆ, ಫೋಟೋ ತೆಗೀತಾರೆ. ನಂಗೆ ಮೈಯೆಲ್ಲ ಉರಿಯೋದು. ಅಲ್ಲಾ ಸ್ವಾಮಿ, ಹೆಣದ ಮೇಲೆ ಹೊದಿಸಿದ ಸೀರೆ ಚೆನ್ನಾಗಿದೆ ಅಂತ ಯಾರಾದರೂ ಅಂತಾರಾ? ನಾನಂತೂ ಆ ಕಡೆ ತಲೆ ಹಾಕಿಯೂ ಮಲಗ್ತಿರಲಿಲ್ಲ.

ನನ್ನ ಹೆಸರು ರಾಚಯ್ಯ. ಕೆಳಗಿನಕೇರಿಯಲ್ಲಿ ನಮ್ಮ ಮನೆ, ಜಗಲಿ ಮೇಲೆ ನನ್ನ ಹೊಲಿಗೆ ಮಿಷನ್ನು. ಹೊಸ ಬಟ್ಟೆ ಹೊಲಿಸೋರು ಈಗ ಊರಲ್ಲಿಲ್ಲ. ಕಾಲರ್ ತಿರುಗಿಸೋದು, ಹರಿದ ಲಂಗಕ್ಕೆ ಪಟ್ಟಿ ಕೊಡೋದು, ಇಷ್ಟೇ ಕೆಲಸ. ಹೆಂಡತಿ ಹೆಸರು ದೇವೀರಮ್ಮ. ನಾನು ದೇವೀರಿ ಅಂತ ಕರೀತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಹಾಗಂತ ಮನೆಯಲ್ಲಿ ಸದ್ದಿಗೇನೂ ಕೊರತೆ ಇರಲಿಲ್ಲ, ನಾನು ಒಂದು ಅಂದರೆ ಅವಳು ಎರಡು ಅನ್ನೋಳು. ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಅಂಥವಳು ಒಂದು ಮಧ್ಯಾಹ್ನ ಒಲೆ ಮೇಲೆ ಸಾರಿಟ್ಟು ಎಲ್ಲಿಗೋ ಹೊರಟುಹೋಗಿದ್ದಳು. ಸಾರು ಇಂಗಿ ಪಾತ್ರೆ ತಳ ಹಿಡಿದು ಕೇರಿಗೆಲ್ಲ ಸೀದ ವಾಸನೆ. ತಿರುಗಿ ಬಂದಾಗ ತಲೆಗೂದಲಿನ ಮೇಲೆ ನೀಲಿ ಪುಡಿ ಉದುರಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದೆ?" ಅಂದೆ.

"ಮೇಲಿನಕೇರಿಗೆ."

"ಅಲ್ಲೇನು ನಿಮ್ಮಪ್ಪ ಗಂಟು ಹೂತಿಟ್ಟಿದಾನಾ?"

"ಇಟ್ಟಿದ್ರೂ ನಿಮಗೆ ಹೇಳ್ತಿರಲಿಲ್ಲ ಬಿಡಿ. ಮನೆ ನೋಡೋಕೆ ಹೋಗಿದ್ದೆ. ತುಂಬಾ ಚೆನ್ನಾಗಿದಾವೆ ರೀ."

ಬೈದೆ. ಬೈದರೆ ಕೇಳೋ ಹೆಂಗಸಾ ಅವಳು? ಮಾರನೇ ದಿನವೂ ಹೋದಳು, ಅದರ ಮಾರನೇ ದಿನವೂ ಹೋದಳು. ಒಂದು ದಿನ ಗೋಡೆ ಮೈಮೇಲೆ ಬಿದ್ದು ಸತ್ತರೆ ನನ್ನ ತಲೆಗೆ ಬರುತ್ತೆ ಅಂತ, ಕತ್ತರಿ ಬಿಸಾಕಿ ಎಳ್ಕೊಂಡು ಬರೋಕೆ ನಾನೇ ಹೋದೆ. ಕೆಂಚಪ್ಪನ ಮನೆ ಒಳಗಿಂದ ಅವಳ ಕೆಮ್ಮು ಕೇಳಿಸಿತು. ಕೆಂಚಪ್ಪ ಕಾರ್ಖಾನೆಯಲ್ಲಿ ಗೂಡಿಗೆ ಸೌದೆ ಹಾಕ್ತಿದ್ದೋನು. ಕುಡಿದು ಬಂದು ತಟ್ಟೆ ಎಸೆಯೋನು, ಹೆಂಡತಿ ಸಿದ್ದಿ ಅವನ ವಂಶವನ್ನೆಲ್ಲ ಬೀದಿಗೆಳೆಯೋಳು, ಇಡೀ ಕೇರಿಗೆ ಕೇಳೋದು. ಇಂಥಾ ಮನೆ ಗೋಡೆ ಮೇಲೆ ಬಂದರೆ ಬೈಗುಳವೇ ಬರಬೇಕು ಅಂದುಕೊಂಡು ಒಳಗೆ ಕಾಲಿಟ್ಟೆ.

ಬಾಗಿಲು ಒಂದೇ ಕೀಲಿಗೆ ನೇತಾಡ್ತಿತ್ತು. ಅಂಗಳದಲ್ಲಿ ಎಕ್ಕದ ಗಿಡ ಎದೆಮಟ್ಟ ಬೆಳೆದಿತ್ತು. ಹೆಂಚು ಉದುರಿ ನಡುಮನೆಗೆಲ್ಲ ಬಿಸಿಲು, ಇಲಿ ಹಿಕ್ಕೆ, ಬಾವಲಿ ವಾಸನೆ, ಮೂಲೆಯಲ್ಲಿ ಯಾರದೋ ಒಂಟಿ ಚಪ್ಪಲಿ. ಥೂ, ಈ ದರಿದ್ರಕ್ಕೆ ಸಾರು ಸೀಸಿದಳಾ ಅಂತ ಅಡುಗೆಮನೆಗೆ ಬಗ್ಗಿ ನೋಡಿದೆ. ನೋಡಿದೋನು ಅಲ್ಲೇ ನಿಂತೆ.

ಗೋಡೆ ಬುಡದಲ್ಲಿ ಮಾವಿನ ಚಿಗುರಿನ ಕೆಂಪು. ಮೇಲಕ್ಕೆ ಹೋಗ್ತಾ ಹೋಗ್ತಾ ಅದು ತೆಳುವಾಗಿ ಎಳೆ ಹಸಿರಾಗಿತ್ತು. ಹಸಿರಿನ ಒಳಗೆ ದಾರದ ಎಳೆಯಂಥ ಬಿಳಿ ಗೆರೆಗಳು, ನೂರಾರು, ಒಂದರ ಮೇಲೊಂದು ಹಾಯದೆ ಮೇಲಕ್ಕೆ ಹೋಗಿದ್ದವು. ಒಲೆಯ ಮಸಿ ಹಿಡಿದ ಜಾಗದ ಸುತ್ತ ಒಂದು ನೀಲಿ ಇತ್ತು. ಜೀವಮಾನವೆಲ್ಲ ಬಟ್ಟೆ ಮುಟ್ಟಿದೋನು ನಾನು, ಅಂಥಾ ನೀಲಿಯ ಒಂದು ತುಂಡೂ ಯಾವ ಅಂಗಡಿಯಲ್ಲೂ ನನ್ನ ಕೈಗೆ ಬಂದಿಲ್ಲ. ಬಟ್ಟೆ ಪರೀಕ್ಷೆ ಮಾಡೋ ಹಾಗೆ ನನ್ನ ಬೆರಳು ತಾನಾಗಿಯೇ ಉಜ್ಜಿಕೊಳ್ತಿತ್ತು. ಬೆಳಗಾದರೆ ಕಿತ್ತಾಡ್ತಿದ್ದ ಆ ಗಂಡ ಹೆಂಡಿರ ಮಧ್ಯೆ ಇದು ಎಲ್ಲಿ ಬಚ್ಚಿಟ್ಟುಕೊಂಡಿತ್ತು? ಅವರಿಗೆ ಗೊತ್ತಿತ್ತಾ? ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗೋ ಹೊತ್ತಿಗೆ ಅವರು ಎಲ್ಲೋ ಯಾವುದೋ ಊರಿನ ಶೆಡ್ಡಿನಲ್ಲಿದ್ದರು.

"ಕಂಡ್ರಾ?" ಅಂದಳು ದೇವೀರಿ. ಕೆಳಗೆ ಕೂತು ಮೇಲೆ ನೋಡ್ತಿದ್ದಳು.

"ಸುಣ್ಣ ಕೆಟ್ಟರೆ ಹಿಂಗೇ ಆಗೋದು. ಏಳು, ಮನೆಗೆ ನಡಿ" ಅಂದೆ.

ಅಂದೆ ಅಷ್ಟೇ. ಮಾರನೇ ದಿನದಿಂದ ಅವಳ ಜೊತೆ ನಾನೂ ಹೋಗ್ತಿದ್ದೆ. ಗೋಡೆ ಬಿದ್ದರೆ ಎಳೆಯೋಕೆ ಒಬ್ಬರು ಬೇಕಲ್ಲ ಅಂತ ನೆಪ. ಒಂದು ಮನೆ ಇದ್ದ ಹಾಗೆ ಇನ್ನೊಂದು ಇರಲಿಲ್ಲ. ಗಾಣದವರ ಮನೆಯಲ್ಲಿ ಅರಿಶಿನದ ಬಣ್ಣ ಮೋಡದ ಹಾಗೆ ಅಟ್ಟಕ್ಕೆ ಹತ್ತಿತ್ತು. ಮದುವೆಯಾಗದ ಮೂವರು ಅಕ್ಕತಂಗಿಯರು ಅಣ್ಣನ ಮಕ್ಕಳನ್ನ ಸಾಕಿಕೊಂಡಿದ್ದ ಮನೆಯಲ್ಲಿ ಗೋಡೆ ಪೂರ್ತಿ ಬೂದು, ಆದರೆ ಬಿಸಿಲು ಬಿದ್ದ ಕಡೆ ಪಾರಿವಾಳದ ಕತ್ತಿನ ಹಾಗೆ ಹೊಳೆಯೋದು. ನೋಡಿ ಸಂತೋಷ ಆಗ್ತಿತ್ತು ಅಂದರೆ ಸುಳ್ಳು. ಇಷ್ಟೆಲ್ಲ ಇಟ್ಟುಕೊಂಡು ಈ ಜನ ಯಾಕೆ ಹಾಗೆ ಬಾಳಿದರು, ಯಾಕೆ ಹಾಗೆ ಹೋದರು ಅನ್ನಿಸೋದು.

ದೇವೀರಿ ಮಾತ್ರ ಪ್ರತಿ ಮನೆಗೆ ಕಾಲಿಟ್ಟ ಕೂಡಲೇ ಕೇಳ್ತಿದ್ದದ್ದು ಒಂದೇ. "ಇಲ್ಲಿದ್ದೋರಿಗೆ ಮಕ್ಕಳಿದ್ವಲ್ವಾ?" ಇದ್ದವು ಅಂದರೆ ಮುಖ ಸಣ್ಣದಾಗೋದು. ಎಷ್ಟೋ ದಿನ ಆದ ಮೇಲೆ ನನ್ನ ಮಂಡೆಗೆ ಹೊಳೆಯಿತು, ಇವಳು ಬರೀ ನೋಡೋಕೆ ಬರ್ತಿಲ್ಲ, ಹುಡುಕೋಕೆ ಬರ್ತಿದಾಳೆ ಅಂತ. ಅವಳು ಮದುವೆಯಾಗಿ ಬಂದ ಹೊಸದರಲ್ಲಲ್ಲ, ಸುಮಾರು ವರ್ಷ ಕಳೆದ ಮೇಲೆ, ನಲ್ಲಿ ಹತ್ತಿರ ಯಾವಳೋ ಅಂದಿದ್ದಳಂತೆ, ಮಗು ಕೈ ಆಡದ ಗೋಡೆ ಅರಳೋದಿಲ್ಲ, ಹಾಗೇ ಬೋಳಾಗಿ ಬಿದ್ದುಹೋಗುತ್ತೆ ಅಂತ. ಅಂದವಳು ಸತ್ತು ಮಣ್ಣಾಗಿದಾಳೆ. ಮಾತು ಇವಳ ಎದೆಯಲ್ಲಿ ಹಾಗೇ ಕೂತಿತ್ತು. ಮಕ್ಕಳಿಲ್ಲದ ಮನೆ ಇಡೀ ಮೇಲಿನಕೇರಿಯಲ್ಲಿ ಒಂದೂ ಸಿಗಲಿಲ್ಲ.

"ನಮ್ಮನೇದು ಹೆಂಗೆ ಬರಬಹುದು ರೀ?" ಅಂತ ಒಂದು ಸಲ ದಾರಿಯಲ್ಲಿ ಕೇಳಿದಳು.

"ಬಿಡ್ತು ಅನ್ನು! ಇರೋ ಮನೆ ಹಾಳಾಗಲಿ ಅಂತೀಯಲ್ಲ" ಅಂತ ಗದರಿದೆ. ಬಿಡ್ತು ಅಂದಳು. ಆ ಮಾತು ಅಲ್ಲಿಗೆ ನಿಂತಿತು.

ಆ ಬೇಸಿಗೆಯಲ್ಲಿ ಅವಳಿಗೆ ಊಟ ಸೇರದೆ ಹೋಯಿತು. ಸೀರೆ ನೆರಿಗೆ ಜಾಸ್ತಿ ಬೀಳೋಕೆ ಶುರುವಾದಾಗಲೇ ನನಗೆ ತಿಳೀಬೇಕಿತ್ತು, ಅಳತೆ ತೆಗೆಯೋನು ತಾನೇ ನಾನು. ಬಸ್ಸು ಹತ್ತಿಸಿ ದೊಡ್ಡಾಸ್ಪತ್ರೆಗೆ ಕರಕೊಂಡು ಹೋದೆ. ಹೊಟ್ಟೆ ಒಳಗೆ ಗಡ್ಡೆ, ಎಲ್ಲ ಕಡೆ ಹರಡಿದೆ, ದೀಪಾವಳಿ ಕಾಣೋದು ಕಷ್ಟ, ಮನೆಗೆ ಕರಕೊಂಡು ಹೋಗಿ ಇಷ್ಟಪಟ್ಟಿದ್ದು ಕೊಡಿ ಅಂದರು ಡಾಕ್ಟ್ರು. ವಾಪಸ್ಸು ಬರೋ ಬಸ್ಸಿನಲ್ಲಿ ನಾನು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದೆ.

"ಡಾಕ್ಟ್ರು ಏನಂದ್ರು ಅಂತ ನೀವೇನೂ ಹೇಳಬೇಕಾಗಿಲ್ಲ. ಇಷ್ಟಪಟ್ಟಿದ್ದು ಕೊಡಿ ಅಂದ್ರು ತಾನೇ?" ಅಂದಳು.

"ಹೂಂ. ಏನು ಬೇಕು ಹೇಳು. ಹೋಳಿಗೆ ತಿಂತೀಯಾ?"

"ನಮ್ಮ ಒಲೆ ಆರಿಸಿ. ನಮ್ಮ ಗೋಡೆ ನೋಡಬೇಕು ನಾನು."

ಬಸ್ಸು ಅನ್ನೋದೂ ನೋಡದೆ ಕೂಗಾಡಿಬಿಟ್ಟೆ. ಮನೆಗೆ ಬಂದ ಮೇಲೂ ಕೂಗಾಡಿದೆ. ಏನೇ ನಿಂಗೆ ತಲೆ ಕೆಟ್ಟಿದೆಯಾ, ಇರೋದು ಇದೊಂದು ಸೂರು, ನೀನು ಹುಷಾರಾಗಿ ಇಲ್ಲೇ ಓಡಾಡ್ತೀಯ, ಒಲೆ ಆರಿಸೋದಂದರೆ ಏನು ಅಂತ ಗೊತ್ತಾ ನಿಂಗೆ ಅಂತೆಲ್ಲ. ಒಲೆ ಆರಿಸಿದರೆ ನಾನು ಡಾಕ್ಟ್ರ ಮಾತಿಗೆ ತಲೆ ಆಡಿಸಿದ ಹಾಗೆ ಅಲ್ವಾ? ಅದು ನನ್ನ ಕೈಲಿ ಆಗ್ತಿರಲಿಲ್ಲ. ಅವಳು ವಾದ ಮಾಡಲಿಲ್ಲ. ನನ್ನ ದೇವೀರಿ ವಾದ ಮಾಡದೆ ಬಿಟ್ಟದ್ದೇ ನನಗೆ ಭಯ ಹುಟ್ಟಿಸಿತು. ಒಂದು ಬೆಳಗ್ಗೆ ಒಳಗೆ ಬಂದು ನೋಡ್ತೀನಿ, ಅಡುಗೆಮನೆ ಗೋಡೆಗೆ ಒರಗಿ ಕೂತು ಉಗುರಿನಿಂದ ಸುಣ್ಣ ಕೆರೀತಿದಾಳೆ. ಬೆರಳ ತುದಿಯಲ್ಲಿ ರಕ್ತ ಬಂದಿದೆ. "ಒಳಗೆ ಏನಾದ್ರೂ ಇದೆಯಾ ಅಂತ ನೋಡ್ತಿದ್ದೆ" ಅಂದಳು ಚಿಕ್ಕ ಮಗು ಹಾಗೆ.

ಅವತ್ತೇ ಒಪ್ಪಿದೆ. ಒಲೆಗೆ ಚೊಂಬು ನೀರು ಹುಯ್ದವಳು ಅವಳೇ. ಒಲೆ ಆರಿಸಿದ ಮನೆ ಅರಳೋವರೆಗೆ ಆ ಮನೆಯವರು ಹೊಸ್ತಿಲು ದಾಟಬಾರದು ಅಂತ ನಮ್ಮಲ್ಲಿ ಪದ್ಧತಿ, ಉಸಿರು ತಾಗಿದರೆ ನಿಧಾನವಾಗುತ್ತೆ ಅಂತಾರೆ. ಹಾಗಾಗಿ ಊರ ತುದಿಯಲ್ಲಿದ್ದ ಹಳೇ ಛತ್ರದ ಒಂದು ಕೋಣೆಗೆ ಹಾಸಿಗೆ, ನಾಲ್ಕು ಪಾತ್ರೆ, ನನ್ನ ಮಿಷನ್ನು ಸಾಗಿಸಿದೆ. ಹೊರಡೋವಾಗ ಪಕ್ಕದ ಮನೆ ತಾಯಮ್ಮಕ್ಕನಿಗೆ ಹೇಳಲೇಬೇಕಲ್ಲ. ನಮ್ಮಿಬ್ಬರ ಮನೆಗೂ ಒಂದೇ ಹಿತ್ತಿಲು. ದೇವೀರಿ ಹೊಸದಾಗಿ ಬಂದಾಗ ಅವಳಿಗೆ ಮುದ್ದೆ ತಿರುವೋದು ಕಲಿಸಿದ್ದೇ ತಾಯಮ್ಮಕ್ಕ, ಸ್ವಂತ ಅಕ್ಕ ಇದ್ದ ಹಾಗೆ. "ಅಕ್ಕ, ನಮ್ಮ ಒಲೆ ಬಿಟ್ಟುಬಿಡಿ" ಅಂದೆ. ಆ ಮಾತು ಬಾಯಿಂದ ಈಚೆ ಬರೋಷ್ಟರಲ್ಲಿ ನನಗೆ ಸಾಕುಸಾಕಾಯಿತು. ತಾಯಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡು ತಲೆ ಆಡಿಸಿದರು.

ಮಳೆ ಹಿಡಿಯಿತು. ನಾನು ದಿನ ಬಿಟ್ಟು ದಿನ ಹೋಗಿ ಬೀದಿ ಕಿಟಕಿಯಿಂದ ಇಣುಕಿ ನೋಡಿ ಬರ್ತಿದ್ದೆ. ಅಲ್ಲಿಂದ ನಡುಮನೆ ಗೋಡೆ ಪೂರ್ತಿ ಕಾಣ್ತಿತ್ತು. ದೇವೀರಿ ಚಾಪೆ ಮೇಲೆ ಮಲಗಿಕೊಂಡೇ ನನ್ನ ಕಾಲ ಸಪ್ಪಳಕ್ಕೆ ಕಾಯೋಳು.

"ತೇವ ಆಡಿದೆಯಾ?"

"ಇನ್ನೂ ಇಲ್ಲ."

"ನಾವು ವರ್ಷ ವರ್ಷ ಸುಣ್ಣ ಬಳಿದಿದೀವಿ, ದಪ್ಪ ಆಗಿರುತ್ತೆ. ಅದಕ್ಕೇ ತಡ" ಅನ್ನೋಳು.

ಆಷಾಢ ಕಳೀತು. ಇನ್ನೂ ಇಲ್ಲ. ನಮ್ಮ ಮನೆ ಎತ್ತರದಲ್ಲಿದೆ, ನೀರು ನಿಲ್ಲಲ್ಲ, ಅದಕ್ಕೇ ತಡ ಅಂದಳು. ಶ್ರಾವಣದಲ್ಲಿ ನಮ್ಮ ಎದುರು ಮನೆಯವರ ಕೊಟ್ಟಿಗೆ, ದನ ಮಾರಿದ ಮೇಲೆ ಯಾರೂ ಕಾಲಿಡದ ಕೊಟ್ಟಿಗೆ, ಅದರ ಗೋಡೆಗೆ ಕೂಡ ನೇರಳೆ ಬಣ್ಣ ಬಂತು. ನಮ್ಮ ಗೋಡೆ ಮಾತ್ರ ಯುಗಾದಿಗೆ ಬಳಿದ ಸುಣ್ಣದ ಹಾಗೆ ಬೆಳ್ಳಗೆ, ಕೆನೆ ಕೆನೆಯಾಗಿ ನನ್ನ ಮುಖ ನೋಡ್ತಿತ್ತು. ಅದನ್ನ ಕಂಡರೆ ಕಲ್ಲೆತ್ತಿ ಹೊಡೀಬೇಕು ಅನ್ನಿಸೋದು. ದೇವೀರಿ ಕೇಳೋದನ್ನ ಬಿಟ್ಟಳು. ನಾನು ಬಂದರೆ ಕಣ್ಣು ಮಾತ್ರ ಎತ್ತಿ ನೋಡೋಳು, ಆಮೇಲೆ ಗೋಡೆ ಕಡೆ ಹೊರಳೋಳು. ಒಂದು ದಿನ ಗಂಜಿ ಕುಡಿಸ್ತಿದ್ದಾಗ ಅಂದಳು. "ನಲ್ಲಿ ಹತ್ತಿರ ಅವಳು ಹೇಳಿದ್ದು ನಿಜ ರೀ. ಇಷ್ಟು ವರ್ಷ ಸಾರಿಸಿದೆ, ಗುಡಿಸಿದೆ, ಬೇಯಿಸಿದೆ, ನಿಮ್ ಜೊತೆ ಜಗಳ ಆಡಿದೆ. ಒಂದು ತೊಟ್ಟೂ ಆ ಗೋಡೆಗೆ ಇಳಿದಿಲ್ಲ. ಏನೂ ಇರಲಿಲ್ಲ ಅಂತಾಯ್ತು ನಮ್ಮ ಮಧ್ಯೆ."

ಆ ಮಾತನ್ನ ಯಾವ ಗಂಡ ತಡಕೊಳ್ತಾನೆ? ಸುಳ್ಳು ಹೇಳೋದು ಅಂತ ತೀರ್ಮಾನ ಮಾಡಿದೆ. ಆದರೆ ನನಗೆ ಇಲ್ಲದ ಬಣ್ಣ ಕಟ್ಟಿ ಹೇಳೋಕೆ ಬರಲ್ಲ, ನೋಡಿದ್ದನ್ನೇ ಹೇಳಬೇಕು. ಒಬ್ಬನೇ ಮೇಲಿನಕೇರಿಗೆ ಹೋದೆ. ಅವಳು ನೋಡಿರದ ಮನೆ ಬೇಕು ಅಂತ ಕಟ್ಟಕಡೇ ಸಾಲಿಗೆ, ಮುಳ್ಳು ಬೆಳೆದು ದಾರಿಯೇ ಇಲ್ಲದ ಕಡೆಗೆ ನುಗ್ಗಿದೆ. ಅರ್ಧ ಬಿದ್ದ ಒಂದು ಮನೆ, ಮಡಿವಾಳರ ಸಣ್ಣೀರನದು. ತೊಲೆ ಮುರಿದು ನೆಲಕ್ಕೆ ಊರಿತ್ತು, ಅದರ ಕೆಳಗೆ ತೆವಳಿ ಒಳಗೆ ಹೋಗಬೇಕು. ಅಂಗಿ ಹರಿಯಿತು, ಮೊಣಕಾಲು ತರಚಿತು. ಒಳಗೆ ಉಳಿದಿದ್ದದ್ದು ಒಂದೇ ಗೋಡೆ. ಆ ಗೋಡೆ ಪೂರ್ತಿ ನಸುಗೆಂಪು, ಎಳೆ ಬಿಸಿಲು ಕಣ್ಣು ಮುಚ್ಚಿದ ರೆಪ್ಪೆ ಮೇಲೆ ಬಿದ್ದರೆ ಒಳಗೆ ಕಾಣುತ್ತಲ್ಲ, ಆ ಕೆಂಪು. ಅದರೊಳಗೆ ಸಣ್ಣ ಸಣ್ಣ ಬಿಳಿ ಸುಳಿಗಳು, ಮಳೆ ನೀರು ಮೇಲಿಂದ ಇಳೀತಿದ್ದರೆ ಒಂದೊಂದೂ ತಿರುಗ್ತಿರೋ ಹಾಗೆ ಕಾಣೋದು. ನಾನು ಅಲ್ಲಿ ಕೂತು ಅತ್ತೆ. ಚೆನ್ನಾಗಿದೆ ಅಂತ ಅತ್ತೆನೋ, ಇದು ನಮ್ಮದಲ್ಲವಲ್ಲ ಅಂತ ಅತ್ತೆನೋ, ನನಗೇ ಗೊತ್ತಿಲ್ಲ. ಅತ್ತು ಮುಗಿದ ಮೇಲೆ ಅಳತೆ ಬಾಯಿಪಾಠ ಮಾಡೋ ಹಾಗೆ ಬಣ್ಣವನ್ನೆಲ್ಲ ಬಾಯಿಪಾಠ ಮಾಡಿಕೊಂಡು ಛತ್ರಕ್ಕೆ ಓಡಿದೆ.

"ದೇವೀರಿ, ಬಂದಿದೆ ಕಣೇ! ಬಂದೇಬಿಡ್ತು!" ಅಂತ ಬಾಗಿಲಿಂದಲೇ ಕೂಗಿದೆ.

ಅವಳು ಎದ್ದು ಕೂತಳು. ಎಷ್ಟೋ ದಿನದ ಮೇಲೆ ತಾನಾಗಿಯೇ ಎದ್ದು ಕೂತಳು. "ಹೇಳಿ, ಹೇಳಿ. ಹೆಂಗಿದೆ?" ಅಂತ ನನ್ನ ಕೈ ಹಿಡಕೊಂಡಳು. ನಾನು ಹೇಳಿದೆ. ನಸುಗೆಂಪು ಹೇಳಿದೆ, ಬಿಳಿ ಸುಳಿ ಹೇಳಿದೆ, ನೀರು ಇಳಿದರೆ ತಿರುಗ್ತಾವೆ ಅಂದೆ. ಅವಳ ಮುಖ ನೋಡ್ತಾ ನೋಡ್ತಾ ಅರಳಿತು, ಹಾಗೇ ನಿಧಾನವಾಗಿ ಆರಿತು. ನನ್ನ ಹರಿದ ಅಂಗಿ ಮೇಲೆ ಕೈ ಆಡಿಸಿದಳು.

"ಅದು ಸಣ್ಣೀರನ ಮನೇದಲ್ವಾ?" ಅಂದಳು. "ತೊಲೆ ಕೆಳಗೆ ತೆವಳಿ ಹೋಗಬೇಕು. ನಾನೂ ಅಲ್ಲೇ ಸೀರೆ ಹರಕೊಂಡಿದ್ದೆ."

ತಲೆ ತಗ್ಗಿಸಿದೆ. ಅವಳು ಬೈಯ್ಯಲೂ ಇಲ್ಲ. "ಮೊಣಕಾಲಿಗೆ ಎಣ್ಣೆ ಹಚ್ಕೊಳ್ಳಿ" ಅಂದು ಮಲಗಿಬಿಟ್ಟಳು.

ಅಲ್ಲಿಂದ ಎದ್ದವನು ನೆಟ್ಟಗೆ ನಮ್ಮ ಮನೆಗೆ ಹೋದೆ. ಪದ್ಧತಿ ಮನೆ ಹಾಳಾಗಲಿ ಅಂತ ಬೀಗ ತೆಗೆದು ಹೊಸ್ತಿಲು ದಾಟಿದೆ. ಆ ಬೋಳು ಗೋಡೆಗೆ ಎದೆ ಕೊಟ್ಟು ಕೇಳಬೇಕಿತ್ತು ನಾನು, ಯಾಕೆ ಅಂತ. ನಡುಮನೆ ಒಣಗಿತ್ತು, ಬೆಚ್ಚಗಿತ್ತು. ಅಷ್ಟು ಮಳೆಯಲ್ಲಿ ಮುಚ್ಚಿದ ಮನೆ ಬೆಚ್ಚಗೆ ಯಾಕಿರಬೇಕು? ಅಡುಗೆಮನೆಗೆ ಹೋದೆ. ಒಲೆಯೊಳಗೆ ಕೈ ಹಾಕಿದೆ. ಬೂದಿ ಬಿಸಿ ಇತ್ತು, ಒಳಗೆ ತೆಂಗಿನ ಕರಟದ ಕೆಂಡ ಇನ್ನೂ ಮಿಣುಕ್ತಿತ್ತು. ನಾನು ಕೈ ಹಾಗೇ ಇಟ್ಟುಕೊಂಡು ಕೂತುಬಿಟ್ಟೆ. ಹಿತ್ತಿಲ ಬಾಗಿಲು ಕಿರ್ ಅಂದಿತು. ತಾಯಮ್ಮಕ್ಕ, ಮಡಿಲಲ್ಲಿ ಕರಟ ತುಂಬಿಕೊಂಡು ನಿಂತಿದ್ದರು.

"ಏನಕ್ಕಾ ಇದು?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಬಿಟ್ಟುಬಿಡಿ ಅಂತ ಹೇಳಿರಲಿಲ್ವಾ ನಾನು?"

"ಹೇಳಿದ್ದೆ ಕಣಪ್ಪ. ಎಲ್ಲಾರೂ ಹಂಗೇ ಹೇಳ್ತಾರೆ. ಹೊಟ್ಟೆ ಉರಿದೋರು ಏನೇನೋ ಅಂತಾರೆ, ಅಂದ್ರು ಅಂತ ಬಿಟ್ಟುಬಿಡೋಕಾಗುತ್ತಾ? ನಿಮ್ಮ ಒಲೆ ಆರಿದ್ರೆ ಅವಳೂ ಆರ್ತಾಳೆ ಅನ್ನಿಸ್ತಿತ್ತು ರಾಚಯ್ಯ. ದಿನಾ ಹಚ್ಚಿದೀನಿ. ಒಂದು ದಿನ ತಪ್ಪಿಸಿಲ್ಲ, ಜ್ವರ ಬಂದಾಗ್ಲೂ ತಪ್ಪಿಸಿಲ್ಲ. ವಾಸಿ ಮಾಡ್ಕೊಂಡು ಬರ್ತಾಳೆ, ಬಂದಾಗ ಮನೆ ಗಟ್ಟಿಯಾಗಿರ್ಲಿ ಅಂತ." ಅಷ್ಟು ಹೇಳಿ ನನ್ನ ಮುಖ ನೋಡಿ ಗಾಬರಿಯಾದರು. "ಯಾಕಪ್ಪ, ಏನಾಯ್ತು?"

ಬೈಯೋಕೆ ಬಾಯಿ ತೆರೆದೆ. ಆ ಮುದುಕಿಯ ಬೆರಳೆಲ್ಲ ಸುಟ್ಟು ಬೊಬ್ಬೆ ಎದ್ದಿತ್ತು. ಏನಂತ ಬೈಯ್ಯಲಿ? ನಡೆದದ್ದೆಲ್ಲ ಹೇಳಿದೆ. ಹೇಳ್ತಾ ಹೇಳ್ತಾ ಅವರು ಒಲೆ ಮುಂದೆ ಕುಸಿದು ಕೂತರು, ಅಯ್ಯೋ ನನ್ನ ಕೈಗೆ ಹಾವು ಕಚ್ಚಬಾರದಿತ್ತಾ ಅಂತ ಹಣೆ ಚಚ್ಚಿಕೊಂಡರು. ನನಗೆ ಮಾತ್ರ ಒಳಗೊಳಗೇ ಒಂದು ಆಸೆ ಹುಟ್ಟಿಬಿಟ್ಟಿತ್ತು. ಗೋಡೆ ಬೋಳಲ್ಲ! ಅರಳೋಕೆ ಬಿಟ್ಟಿಲ್ಲ ಅಷ್ಟೇ! ಇದನ್ನ ಅವಳಿಗೆ ಹೇಳಿದರೆ ಸಾಕು, ನೋಡದಿದ್ದರೂ ಪರವಾಗಿಲ್ಲ, ಗೊತ್ತಾದರೆ ಸಾಕು. ಒಲೆಯಿಂದ ಒಂದು ಹಿಡಿ ಬೂದಿ ಕರ್ಚೀಫಿನಲ್ಲಿ ಕಟ್ಟಿಕೊಂಡು, ತಾಯಮ್ಮಕ್ಕನ ಕೈ ಹಿಡಕೊಂಡು ಮಳೆಯಲ್ಲೇ ಛತ್ರಕ್ಕೆ ಬಂದೆ.

ದೇವೀರಿ ಕಣ್ಣು ಬಿಟ್ಟಳು. ನಾನು ಬೂದಿ ತೋರಿಸಿದೆ, ಎಲ್ಲ ಹೇಳಿದೆ. ತಾಯಮ್ಮಕ್ಕ ಅವಳ ಕಾಲು ಹಿಡಕೊಂಡು, "ನಾನೇ ಕಣವ್ವ ಹಚ್ತಿದ್ದೆ, ನಾನೇ ಪಾಪಿ, ನಿಮ್ಮ ಗೋಡೆಗೇನೂ ದೋಷ ಇಲ್ಲ" ಅಂತ ಗೋಳಾಡಿದರು. ದೇವೀರಿ ಇಬ್ಬರನ್ನೂ ನೋಡಿದಳು. ಆಮೇಲೆ ನಕ್ಕಳು. ನನ್ನ ಜೊತೆ ಇಡೀ ಬಾಳು ಜಗಳ ಆಡಿದವಳು, ನನ್ನ ಮೇಲೆ ಅಷ್ಟು ಮೆತ್ತಗೆ ನಕ್ಕದ್ದು ಅದೇ ಮೊದಲು.

"ನಿಮಗೆ ಹರಿದದ್ದು ಕಂಡ್ರೆ ತೇಪೆ ಹಾಕ್ದೆ ಇರೋಕಾಗಲ್ಲ ಅಲ್ವಾ?" ಅಂದಳು. "ಪಾಪ, ಅಕ್ಕನ ಕೈಲೂ ಸುಳ್ಳು ಹೇಳಿಸಿದ್ರಲ್ಲ."

"ಸುಳ್ಳಲ್ವೇ! ನಿನ್ನಾಣೆ! ಬೂದಿ ನೋಡೇ, ಬಿಸಿ ಇತ್ತು ಕಣೇ!"

"ಬೂದಿ ಯಾವ ಒಲೇಲಿ ಸಿಗಲ್ಲ ಹೇಳಿ. ಆಯ್ತು ಬಿಡಿ. ನಂಬಿದೆ ಅಂತ ಇಟ್ಕೊಳ್ಳಿ."

ಎಷ್ಟು ಹೇಳಿದೆ ನಾನು. ತಾಯಮ್ಮಕ್ಕ ಮನೆದೇವರ ಮೇಲೆ ಆಣೆ ಇಟ್ಟರು. ಹೂಂ ಹೂಂ ಅಂದಳು, ತಾಯಮ್ಮಕ್ಕನ ಬೆನ್ನು ಸವರಿದಳು, ಊಟ ಮಾಡಿದ್ರಾ ಅಕ್ಕ ಅಂತ ಕೇಳಿದಳು. ಕಣ್ಣಲ್ಲಿ ಮಾತ್ರ ಒಂದು ಚೂರೂ ನಂಬಿಕೆ ಇರಲಿಲ್ಲ. ನಮ್ಮನ್ನ ಸಮಾಧಾನ ಮಾಡೋಕೆ ಅವಳು ಹೂಂ ಅಂತಿದ್ದಳು. ಮಹಾನವಮಿ ಇನ್ನೂ ಬಂದಿರಲಿಲ್ಲ, ಒಂದು ಬೆಳಗ್ಗೆ ಗಂಜಿ ಆರಿಸಿ ತರೋಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮುಖ ಗೋಡೆ ಕಡೆಗಿತ್ತು.

ಮಣ್ಣು ಮಾಡಿ ಬಂದ ಮೇಲೆ ನಾನು ಛತ್ರದಲ್ಲೇ ಉಳಿದೆ. ಬೂದಿ ತಂದ ದಿನದಿಂದ ತಾಯಮ್ಮಕ್ಕ ನಮ್ಮ ಒಲೆ ಹಚ್ಚಿರಲಿಲ್ಲ. ಮಿಷನ್ನಿಗೆ ಎಣ್ಣೆ ಹಾಕಲಿಲ್ಲ. ಯಾರೋ ಊಟ ತಂದಿಡೋರು, ಅರ್ಧ ತಿಂತಿದ್ದೆ. ಹಿಂಗಾರು ಮಳೆ ಜಡಿ ಹಿಡಿದು ಬಿಟ್ಟ ಒಂದು ದಿನ ತಾಯಮ್ಮಕ್ಕ ಬಾಗಿಲಲ್ಲಿ ಬಂದು ನಿಂತರು. ಸೆರಗಿನಿಂದ ಮುಖ ಒರೆಸಿಕೊಳ್ತಾ ಬಾ ಅಂತ ಕೈ ಮಾಡಿದರು.

ಹೋಗಬಾರದು ಅಂದುಕೊಂಡೇ ಹೋದೆ. ಬಾಗಿಲು ತೆಗೆದೆ. ಏನಂತ ಹೇಳಲಿ ನಿಮಗೆ. ಅಡುಗೆಮನೆಯಲ್ಲಿ ಅವಳು ಮಧ್ಯಾಹ್ನದ ಹೊತ್ತು ಅಕ್ಕಿ ಆರಿಸ್ತಾ ಬೆನ್ನು ಒರಗಿಸಿ ಕೂರ್ತಿದ್ದ ಜಾಗದಿಂದ ಶುರುವಾಗಿತ್ತು ಅದು. ಅಲ್ಲಿ ಗಾಢವಾದ ಬಣ್ಣ, ಕಡುಗೆಂಪೋ ನೇರಳೆಯೋ ಹೆಸರಿಡೋಕೆ ಬರಲ್ಲ. ಅಲ್ಲಿಂದ ಅಲೆ ಅಲೆಯಾಗಿ ನಡುಮನೆಗೆ ಬಂದಿತ್ತು, ನನ್ನ ಅಂಗಿ ನೇತುಹಾಕೋ ಗೂಟದ ಸುತ್ತ ಬಂಗಾರದ ಬಣ್ಣಕ್ಕೆ ತಿರುಗಿತ್ತು, ಅಟ್ಟದವರೆಗೆ ಹೋಗಿತ್ತು, ಬೀದಿ ಕಿಟಕಿಯ ಚೌಕಟ್ಟಿಗೆ ಸುತ್ತಿಕೊಂಡಿತ್ತು. ಸುಣ್ಣ ಕಾಣೋ ಒಂದು ಬೆರಳಗಲ ಜಾಗವೂ ಉಳಿದಿರಲಿಲ್ಲ. ಮೇಲಿನಕೇರಿಯ ಯಾವ ಮನೆಯೂ ಇದರ ಹತ್ತಿರ ಸುಳಿಯೋ ಹಾಗಿರಲಿಲ್ಲ. ನಾನು ಅಷ್ಟೂ ಮನೆ ನೋಡಿದೀನಿ, ನನ್ನ ಮಾತು ನಂಬಿ.

ಅವಳು ಕೂರ್ತಿದ್ದ ಕಡೆ ಕೂರೋಕೆ ಧೈರ್ಯ ಬರಲಿಲ್ಲ, ಎದುರಿಗೆ ಕೂತೆ. ತಾಯಮ್ಮಕ್ಕ ಹೊಸ್ತಿಲ ಆಚೆಯೇ ನಿಂತು, "ಅವಳಿಗೆ ಇದನ್ನ ಹೆಂಗಾದ್ರೂ ಹೇಳೋ ಹಾಗಿದ್ದಿದ್ರೆ ರಾಚಯ್ಯ" ಅಂತ ಬಿಕ್ಕಿದರು.

ನನಗೆ ಎಲ್ಲಿತ್ತೋ ಸಿಟ್ಟು ಬಂತು. "ಸುಮ್ನಿರಿ ಅಕ್ಕಾ" ಅಂದೆ. "ಹೇಳಿದ್ರೂ ನಂಬ್ತಿರಲಿಲ್ಲ ಅವಳು."